ಗೊಂಬೆಗೂ ಮೊದಲು ತಂತಿ: ಚನ್ನಪಟ್ಟಣದ ಹಳೆಯ ಪೇಟೆ, ಹಳೆಯ ಕಸುಬು

ಪ್ರಶ್ನೆ: ನಾನು ಚನ್ನಪಟ್ಟಣದಲ್ಲಿ ಹುಟ್ಟಿ ಬೆಳೆದವಳು, ಈಗ ಶಿವಮೊಗ್ಗದಲ್ಲಿದ್ದೇನೆ. ಊರಿನ ಹೆಸರು ಹೇಳಿದೊಡನೆ ಎಲ್ಲರೂ ಗೊಂಬೆಯ ಮಾತೆತ್ತುತ್ತಾರೆ. ನಮ್ಮ ಅಜ್ಜಿ ಮಾತ್ರ ‘ಕೋಟೆಯವರು’, ‘ಪೇಟೆಯವರು’ ಎಂದು ಊರನ್ನು ಎರಡು ಮಾಡಿ ಹೇಳುತ್ತಿದ್ದರು. ಈ ಎರಡು ಭಾಗಗಳು ಹೇಗೆ ಆದವು? ಗೊಂಬೆಯ ಕಸುಬು ಹೆಸರಾಗುವ ಮೊದಲು ಇಲ್ಲಿನವರು ಏನು ಮಾಡಿ ಬದುಕುತ್ತಿದ್ದರು?

ಉತ್ತರ: ನಿಮ್ಮ ಅಜ್ಜಿಯ ಮಾತು ಊರಿನ ಚರಿತ್ರೆಯನ್ನೇ ಹಿಡಿದಿಟ್ಟುಕೊಂಡಿದೆ. ಮೈಸೂರು ಸಂಸ್ಥಾನದ ಗ್ಯಾಸೆಟಿಯರನ್ನು ಸಿದ್ಧಪಡಿಸಿದ ಬಿ. ಎಲ್. ರೈಸ್ ಅವರೂ ಚನ್ನಪಟ್ಟಣವನ್ನು ಎರಡು ಭಾಗಗಳ ಊರೆಂದೇ ವರ್ಣಿಸಿದ್ದಾರೆ: ಒಂದು ಕೋಟೆ, ಇನ್ನೊಂದು ಅದರ ಈಶಾನ್ಯಕ್ಕಿರುವ ಶುಕ್ರವಾರಪೇಟೆ. ಕೋಟೆಯನ್ನು ಸುಮಾರು 1580ರಲ್ಲಿ ಕಟ್ಟಿಸಿದವನು ಜಗದೇವರಾಯ. ವಿಜಯನಗರದ ಅರಸರು ಪೆನುಗೊಂಡೆಗೆ ಸರಿದ ಮೇಲೆ ಆ ದುರ್ಗವನ್ನು ಶತ್ರುಗಳಿಂದ ಕಾಪಾಡಿದ್ದಕ್ಕಾಗಿ ಅವನಿಗೆ ದೊಡ್ಡ ಸೀಮೆಯೊಂದು ಉಂಬಳಿಯಾಗಿ ದೊರೆಯಿತು. ಪೂರ್ವದಲ್ಲಿ ಬಾರಾಮಹಲಿನಿಂದ (ಈಗಿನ ತಮಿಳುನಾಡಿನ ಕೃಷ್ಣಗಿರಿ, ಧರ್ಮಪುರಿಗಳ ಕಡೆಯ ಸೀಮೆ) ಪಶ್ಚಿಮದಲ್ಲಿ ಘಟ್ಟದ ಅಂಚಿನವರೆಗೆ ಹರಡಿದ್ದ ಆ ಸೀಮೆಗೆ ಅವನು ಚನ್ನಪಟ್ಟಣವನ್ನು ರಾಜಧಾನಿ ಮಾಡಿಕೊಂಡನು. 1630ರಲ್ಲಿ ಮೈಸೂರಿನ ಚಾಮರಾಜ ಒಡೆಯರು ಊರನ್ನು ಗೆದ್ದುಕೊಳ್ಳುವವರೆಗೂ ಆ ಮನೆತನ ಇಲ್ಲಿ ಆಳಿತು. ಅಲ್ಲಿಗೆ ರಾಜಧಾನಿಯ ಪಟ್ಟ ಹೋಯಿತು. ಆದರೆ ಸಂತೆ ಹೋಗಲಿಲ್ಲ.

ಊರಿನ ಮುಂದಿನ ಇತಿಹಾಸವನ್ನು ಬೆಳೆಸಿದ್ದು ಆ ಸಂತೆ ಎಂದು ನಾನು ತಿಳಿದಿದ್ದೇನೆ. ಶುಕ್ರವಾರಪೇಟೆ ಎಂಬ ಹೆಸರೇ ಹೇಳುವಂತೆ ಅದು ವಾರದ ಸಂತೆಯ ಸುತ್ತ ಬೆಳೆದ ಪೇಟೆ. ಶ್ರೀರಂಗಪಟ್ಟಣದಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯ ನಡುವೆ ಇದ್ದುದರಿಂದ ದಂಡು, ದಿನಸಿಯ ಎತ್ತಿನ ಹೇರು, ಯಾತ್ರಿಕರು ಎಲ್ಲರೂ ಇದರ ಮೂಲಕವೇ ಹಾಯಬೇಕಾಗಿತ್ತು. ಹೊತ್ತೊಯ್ಯಲು ಹಗುರವಾಗಿದ್ದು ದೂರದಲ್ಲಿ ಒಳ್ಳೆಯ ಬೆಲೆ ತರುವ ವಸ್ತುಗಳನ್ನು ಮಾಡುವವರಿಗೆ ಇದಕ್ಕಿಂತ ಅನುಕೂಲವಾದ ಜಾಗ ಸಿಗುವುದು ಕಷ್ಟ.

ಟಿಪ್ಪುವಿನ ಪತನದ ಮರುವರ್ಷ, ಅಂದರೆ 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಈ ದಾರಿಯಲ್ಲಿ ಬಂದನು. ಚನ್ನಪಟ್ಟಣದ ಕಸುಬುಗಳಲ್ಲಿ ಅವನ ಗಮನ ಸೆಳೆದವು ಎರಡು: ಗಾಜಿನ ಬಳೆ ಮತ್ತು ವಾದ್ಯಗಳಿಗೆ ಕಟ್ಟುವ ಉಕ್ಕಿನ ತಂತಿ. ಇಲ್ಲಿಯ ತಂತಿ ಹಿಂದೂಸ್ಥಾನದ ದೂರದ ಮೂಲೆಗಳಿಗೂ ಹೋಗುತ್ತಿತ್ತೆಂದು ಅವನು ಬರೆದಿದ್ದಾನೆ. ಅಂದರೆ ಗೊಂಬೆಗಳಿಂದ ಹೆಸರಾಗುವ ಎಷ್ಟೋ ಮೊದಲು ಈ ಊರು ತಂತಿಯಿಂದ ಹೆಸರಾಗಿತ್ತು. ಈ ಸಂಗತಿಯನ್ನು ಊರಿನ ಮಕ್ಕಳಿಗೆ ಯಾರೂ ಹೇಳದೆ ಇರುವುದು ನನಗೆ ನಿಜವಾಗಿಯೂ ನೋವಿನ ವಿಷಯ.

ತಂತಿಯ ಕೆಲಸ ಸುಲಭದ್ದಲ್ಲ. ಮಾಗಡಿಯ ಕಡೆಯ ಹಳ್ಳಗಳಲ್ಲಿ ಮಳೆಗಾಲದ ನೀರಿನೊಡನೆ ಕೊಚ್ಚಿ ಬರುತ್ತಿದ್ದ ಕಪ್ಪು ಮರಳನ್ನು ಸೋಸಿ, ಇದ್ದಿಲಿನ ಕುಲುಮೆಯಲ್ಲಿ ಕರಗಿಸಿ ಕಬ್ಬಿಣ ತೆಗೆಯುವುದು ಆ ಸೀಮೆಯ ಹಳೆಯ ಕಸುಬಾಗಿತ್ತು. ಉಕ್ಕನ್ನು ತಂತಿ ಮಾಡುವುದೆಂದರೆ ಅದನ್ನು ಕಾಯಿಸಿ, ಬಡಿದು, ತೆಳ್ಳನೆಯ ಸರಳು ಮಾಡಿ, ಬಳಿಕ ಒಂದಕ್ಕಿಂತ ಒಂದು ಸಣ್ಣದಾದ ತೂತುಗಳಿರುವ ಲೋಹದ ಹಲಗೆಯ ಮೂಲಕ ಮತ್ತೆ ಮತ್ತೆ ಎಳೆಯುವುದು. ಈ ಹಲಗೆಗೆ ಕನ್ನಡದಲ್ಲಿ ‘ಕಂಬಚ್ಚು’ ಎಂಬ ಚೆಂದದ ಮಾತಿದೆ. ಎಳೆಯುತ್ತ ಹೋದಂತೆ ಉಕ್ಕು ಬಿರುಸಾಗುತ್ತದೆ. ಆಗ ಅದನ್ನು ಮತ್ತೆ ಕಾಯಿಸಿ ಮೆತ್ತಗೆ ಮಾಡದಿದ್ದರೆ ತುಂಡಾಗುತ್ತದೆ. ವೀಣೆಗೆ ಕಟ್ಟುವ ತಂತಿಗಾದರೆ ಉದ್ದಕ್ಕೂ ಒಂದೇ ದಪ್ಪವಿರಬೇಕು, ಇಲ್ಲವಾದರೆ ಮೆಟ್ಟಿಲಿನಿಂದ ಮೆಟ್ಟಿಲಿಗೆ ಶ್ರುತಿ ತಪ್ಪುತ್ತದೆ. ಸಂಗೀತ ವಿದ್ವಾಂಸರ ಕಿವಿಗೆ ಒಪ್ಪುವಂಥ ತಂತಿಯನ್ನು ಎಳೆದ ಆ ಕಮ್ಮಾರರ ಒಂದು ಹೆಸರೂ ನಮ್ಮ ಸಂಗೀತದ ಚರಿತ್ರೆಯಲ್ಲಿ ಕಾಣಿಸುವುದಿಲ್ಲ.

ಬಳೆಯ ಕಸುಬು ಚನ್ನಪಟ್ಟಣಕ್ಕೆ ಮಾತ್ರ ಸೇರಿದ್ದಲ್ಲ. ಹೊಸದುರ್ಗದ ಬಳಿಯ ಮತ್ತೋಡು ಕೂಡ ಅದಕ್ಕೆ ಹೆಸರಾಗಿತ್ತು. 19ನೆಯ ಶತಮಾನದ ಕೊನೆಯಲ್ಲಿ ರೈಸ್ ಬರೆಯುವಾಗಲೂ ಚನ್ನಪಟ್ಟಣದಲ್ಲಿ ಅರಗಿನ ಸಾಮಾನು, ಉಕ್ಕಿನ ತಂತಿ, ಗಾಜಿನ ಬಳೆ ಮೂರೂ ಇದ್ದವು. ಯಂತ್ರದಲ್ಲಿ ಎಳೆದ ವಿದೇಶದ ತಂತಿ ಅಗ್ಗವಾಗಿ ಬರತೊಡಗಿದ ಮೇಲೆ ಕೈತಂತಿಗೆ, ಫಿರೋಜಾಬಾದಿನ ಬಳೆ ಎಲ್ಲೆಡೆ ಹರಡಿದ ಮೇಲೆ ಊರಬಳೆಗೆ ಉಳಿಗಾಲವಿರಲಿಲ್ಲ.

ಪ್ರಶ್ನೆ: ಗೊಂಬೆಯ ಕಲೆಯನ್ನು ಟಿಪ್ಪು ಸುಲ್ತಾನ್ ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿ ಇಲ್ಲಿ ನೆಲೆಗೊಳಿಸಿದನೆಂದು ಓದಿದ್ದೇನೆ. ಅವನ ಕಾಲದ ಕಟ್ಟಡಗಳು ಊರಿನಲ್ಲಿವೆಯೇ?

ಉತ್ತರ: ಪರ್ಷಿಯಾದ ಮಾತು ಬಹುಕಾಲದಿಂದ ಜನರ ಬಾಯಲ್ಲಿರುವ ಹೇಳಿಕೆ. ಅದನ್ನು ಹೇಳಿಕೆ ಎಂದು ಗೌರವಿಸೋಣ, ದಾಖಲೆ ಎಂದು ಬರೆಯುವುದು ಬೇಡ ಎಂಬುದು ನನ್ನ ಅಭಿಪ್ರಾಯ. ಕಸುಬಿನ ಬೇರು ಮಾತ್ರ ಈ ನೆಲದ ಮರದಲ್ಲಿಯೇ ಇದೆ. ಆಲೆ ಮರದ ದಾರು ಬೆಳ್ಳಗೆ, ನಯವಾಗಿ, ಕಡೆಯಲು ಹದವಾಗಿರುತ್ತದೆ. ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜಿದ ಕಾವಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆ ಮೇಲೆ ತಾಳೆಗರಿಯಿಂದ ತೀಡಿದಾಗ ಹೊಳಪು ಬರುತ್ತದೆ. ಬಣ್ಣ ಬಳಿಯುವ ಕುಂಚವಾಗಲಿ, ಒಣಗಿಸುವ ಬಿಸಿಲಾಗಲಿ ಬೇಕಾಗಿಲ್ಲ. 20ನೆಯ ಶತಮಾನದ ಆರಂಭದಲ್ಲಿ ಜಪಾನಿನ ಕ್ರಮಗಳನ್ನು ತಂದು ಕಲಿಸಿದವರೆಂದು ಬಾವಾಸ್ ಮಿಯಾ ಅವರನ್ನು ಊರು ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತದೆ. 2005-06ನೆಯ ಸಾಲಿನಲ್ಲಿ ಈ ಗೊಂಬೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು.

ಕಟ್ಟಡಗಳ ವಿಷಯಕ್ಕೆ ಬಂದರೆ, ಶುಕ್ರವಾರಪೇಟೆಯ ಉತ್ತರಕ್ಕಿರುವ ಎರಡು ದೊಡ್ಡ ಗೋರಿಗಳನ್ನು ನೀವು ನೋಡಬೇಕು. ಒಂದು, ಟಿಪ್ಪು ತನ್ನ ಧರ್ಮಗುರು ಅಕಿಲ್ ಶಾ ಖಾದ್ರಿ ಅವರಿಗಾಗಿ ಕಟ್ಟಿಸಿದ್ದು. ಇನ್ನೊಂದು ಬೆಂಗಳೂರಿನ ಕಿಲ್ಲೇದಾರ, ಅಂದರೆ ಕೋಟೆಯ ಅಧಿಕಾರಿಯಾಗಿದ್ದ ಸೈಯದ್ ಇಬ್ರಾಹಿಮನದು. ಸೆರೆಯಾಳುಗಳನ್ನು ದಯೆಯಿಂದ ನಡೆಸಿಕೊಂಡನೆಂದು ಗ್ಯಾಸೆಟಿಯರು ಅವನನ್ನು ನೆನೆದಿದೆ. ಸಮಯವಿದ್ದರೆ ಮೈಸೂರಿನ ದಾರಿಯಲ್ಲಿ ಹತ್ತಿರದಲ್ಲಿಯೇ ಇರುವ ಮಳೂರಿಗೂ ಹೋಗಿ ಬನ್ನಿ. ಅಲ್ಲಿಯ ಅಪ್ರಮೇಯಸ್ವಾಮಿ ದೇವಾಲಯದಲ್ಲಿ ಚೋಳರ ಕಾಲದ ಶಾಸನಗಳಿವೆ, ಜಗದೇವರಾಯನ ಕೋಟೆಗಿಂತ ಅವು ಐದು ಶತಮಾನಗಳಷ್ಟು ಹಳೆಯವು.

ಪ್ರಶ್ನೆ: ನಮ್ಮ ತಂದೆ ಚನ್ನಪಟ್ಟಣದ ರೇಷ್ಮೆ ಮಿಲ್ಲಿನಲ್ಲಿ ದುಡಿದವರು. ಅದು ಯಾವ ಕಾಲದ್ದು?

ಉತ್ತರ: ಸ್ಪನ್ ಸಿಲ್ಕ್ ಮಿಲ್ಲು 1930ರ ದಶಕದ್ದು. ರೇಷ್ಮೆ ಬಿಚ್ಚುವಾಗ ಉಳಿಯುವ ಜೂಟನ್ನು, ಅಂದರೆ ನೂಲಾಗದ ಕಸರನ್ನು, ಹಿಂಜಿ ನೂಲು ಮಾಡುವುದು ಅದರ ಕೆಲಸವಾಗಿತ್ತು. ಸುತ್ತಲಿನ ಹಳ್ಳಿಗಳಲ್ಲಿ ಹಿಪ್ಪುನೇರಳೆ ಬೆಳೆ ಇದ್ದು, 1882ರ ಹೊತ್ತಿಗೆ ಬೆಂಗಳೂರು–ಮೈಸೂರು ರೈಲುದಾರಿಯೂ ಆಗಿದ್ದುದರಿಂದ ಮಿಲ್ಲಿಗೆ ಈ ಊರು ಒದಗಿ ಬಂತು. ತಂದೆಯವರು ಯಾವ ವಿಭಾಗದಲ್ಲಿದ್ದರು, ಪಾಳಿಗಳು ಹೇಗಿದ್ದವು ಎಂಬುದನ್ನು ಅವರ ಬಾಯಿಂದಲೇ ಕೇಳಿ ಬರೆದಿಡಿ. ಹಾಗೆಯೇ ಪೇಟೆಯ ಯಾವುದೇ ಮನೆಯ ಅಟ್ಟದಲ್ಲಿ ಹಳೆಯ ಕಂಬಚ್ಚು ಉಳಿದಿದ್ದರೆ ಗುಜರಿಗೆ ಹಾಕದೆ, ಅದರ ಚಿತ್ರ ತೆಗೆದು ನಮಗೆ ಕಳುಹಿಸಿಕೊಡಬೇಕೆಂದು ಆ ಊರಿನ ಓದುಗರನ್ನು ಕೇಳಿಕೊಳ್ಳುತ್ತೇನೆ.