ಓದುಗರ ಪ್ರಶ್ನೆ: ಪಾಳುಬಿದ್ದ ಗಣಿಯೂರಿನಲ್ಲಿ ನೋಡಲು ಏನಿದೆ?

ಪ್ರಶ್ನೆ: ಹಟ್ಟಿಯ ಚಿನ್ನದ ಗಣಿಯಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತನಾಗಿದ್ದೇನೆ, ನನಗೀಗ 66 ವರ್ಷ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿರುವ ಮಗ ಬರುವ ಆಗಸ್ಟ್‌ನಲ್ಲಿ ನಮ್ಮಿಬ್ಬರನ್ನೂ ಕರೆಸಿಕೊಳ್ಳುತ್ತಿದ್ದಾನೆ. ಬೆಟ್ಟದ ಮೇಲಿರುವ ಬೋಡಿ ಎಂಬ ಪಾಳು ಗಣಿಯೂರನ್ನು ತೋರಿಸುವೆನೆನ್ನುತ್ತಾನೆ. ಜನರೇ ಇಲ್ಲದ ಊರಿನಲ್ಲಿ ನೋಡುವಂಥದ್ದೇನಿದೆ? ಪತ್ನಿಗೆ ರಕ್ತದೊತ್ತಡವಿದೆ, ಅಷ್ಟು ಎತ್ತರಕ್ಕೆ ಹೋಗಬಹುದೇ? ನೆನಪಿಗೆಂದು ಅಲ್ಲಿಯ ಒಂದು ತುಂಡು ಬೆಣಚುಕಲ್ಲನ್ನು ತರಬಹುದೇ?
— ಓದುಗರೊಬ್ಬರು, ಹಟ್ಟಿ, ರಾಯಚೂರು ಜಿಲ್ಲೆ

ಉತ್ತರ: ಅಗತ್ಯವಾಗಿ ಹೋಗಿ ಬನ್ನಿ. ಬೋಡಿಗೆ ಬರುವ ಬಹುಪಾಲು ಪ್ರವಾಸಿಗರು ಮುರುಕು ಮನೆಗಳ ಮುಂದೆ ನಿಂತು ಚಿತ್ರ ತೆಗೆಸಿಕೊಂಡು ಹಿಂದಿರುಗುತ್ತಾರೆ. ಗಣಿಯ ಕೆಲಸ ಬಲ್ಲ ನಿಮ್ಮಂಥವರಿಗೆ ಆ ಊರು ಬೇರೆಯದೇ ರೀತಿಯಲ್ಲಿ ಕಾಣಿಸುತ್ತದೆ.

1859ರಲ್ಲಿ ಅಲ್ಲಿ ಚಿನ್ನವನ್ನು ಕಂಡವರಲ್ಲಿ ಒಬ್ಬನಾದ ಬೋಡಿ ಎಂಬಾತ ಅದೇ ಚಳಿಗಾಲದ ಹಿಮಬಿರುಗಾಳಿಗೆ ಸಿಕ್ಕಿ ಸತ್ತನು. ಊರಿಗೆ ಅವನ ಹೆಸರು ಉಳಿಯಿತು, ಚಿನ್ನ ಅವನಿಗೆ ದಕ್ಕಲಿಲ್ಲ. ಮುಂದೆ ಹಲವು ವರ್ಷ ಅದು ಹೇಳಿಕೊಳ್ಳುವಂಥ ಗಣಿಯೇನೂ ಆಗಿರಲಿಲ್ಲ. ಒಮ್ಮೆ ಗಣಿಯೊಂದು ಕುಸಿದಾಗ ಒಳಗಿದ್ದ ಸಮೃದ್ಧ ಅದಿರು ಹೊರಬಿದ್ದು, 1877ರಲ್ಲಿ ಸ್ಟ್ಯಾಂಡರ್ಡ್ ಕಂಪನಿ ಅದನ್ನು ಕೊಂಡ ಮೇಲೆ ಜನ ನುಗ್ಗಿ ಬಂದರು. 1880ರ ಹೊತ್ತಿಗೆ ಎಂಟು ಹತ್ತು ಸಾವಿರ ಜನರಿದ್ದ ಊರು, ಮರು ವರ್ಷದಿಂದಲೇ ಅದಿರು ತೆಳುವಾಗುತ್ತಿದ್ದಂತೆ ಖಾಲಿಯಾಗತೊಡಗಿತು. 1932ರ ಬೆಂಕಿ ಊರಿನ ಬಹುಭಾಗವನ್ನು ನುಂಗಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಸರ್ಕಾರವೇ ಚಿನ್ನದ ಗಣಿಗಳನ್ನು ನಿಲ್ಲಿಸಿದಾಗ ಉಳಿದಿದ್ದ ಕೆಲಸವೂ ನಿಂತಿತು.

ನೀವು ಮುಖ್ಯವಾಗಿ ನೋಡಬೇಕಾದದ್ದು ಸ್ಟ್ಯಾಂಡರ್ಡ್ ಮಿಲ್ಲನ್ನು. 1898ರಲ್ಲಿ ಸುಟ್ಟು, ಮರು ವರ್ಷವೇ ಮತ್ತೆ ಎದ್ದ ಈ ಕಟ್ಟಡದೊಳಗೆ ಅದಿರು ಜಜ್ಜುವ ಸ್ಟ್ಯಾಂಪುಗಳು ಇಂದಿಗೂ ಸಾಲಾಗಿ ನಿಂತಿವೆ. ಬೆಣಚುಕಲ್ಲನ್ನು ಹಿಟ್ಟಿನಂತೆ ಪುಡಿಮಾಡಿ, ನೀರಿನೊಂದಿಗೆ ಪಾದರಸ ಸವರಿದ ತಾಮ್ರದ ಹಲಗೆಗಳ ಮೇಲೆ ಹರಿಯಬಿಟ್ಟು, ಪಾದರಸಕ್ಕೆ ಅಂಟಿದ ಚಿನ್ನವನ್ನು ಕಾಯಿಸಿ ಬೇರ್ಪಡಿಸುತ್ತಿದ್ದ ವಿಧಾನವನ್ನು ನಿಮಗೆ ವಿವರಿಸುವುದು ಅಕ್ಕಸಾಲಿಗನಿಗೆ ಚಿನ್ನದ ಬಣ್ಣ ಹೇಳಿದಂತೆ. ಇದು ಉಳಿದ ಓದುಗರಿಗಾಗಿ. ಹೀಗೆ ತೆಗೆದ ಮೇಲೂ ಮಣ್ಣಿನಲ್ಲಿ ಉಳಿದ ಚಿನ್ನವನ್ನು 1890ರ ದಶಕದಲ್ಲಿ ಸಯನೈಡ್ ವಿಧಾನದಿಂದ ಮತ್ತೆ ತೆಗೆದದ್ದರಿಂದ ಊರಿಗೆ ಇನ್ನಷ್ಟು ವರ್ಷ ಆಯುಸ್ಸು ಸಿಕ್ಕಿತು. ಇದೇ ಮಿಲ್ಲಿಗಾಗಿ ಸುಮಾರು 21 ಕಿಲೋಮೀಟರ್ ದೂರದ ಹೊಳೆಯಲ್ಲಿ ವಿದ್ಯುತ್ ಉತ್ಪಾದಿಸಿ ತಂತಿಯ ಮೂಲಕ ತಂದರು. ಮೂಲೆ ತಿರುಗಿದರೆ ವಿದ್ಯುತ್ ನೆಲಕ್ಕೆ ಹಾರಿಬಿಡುತ್ತದೆಂದು ಹೆದರಿ ಕಂಬಗಳನ್ನು ನೇರವಾಗಿ ನೆಟ್ಟರೆಂಬ ಕಥೆಯೂ ಇದೆ. ಕಥೆ ಚೆನ್ನಾಗಿದೆ, ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಮಿಲ್ಲಿನ ಒಳಗೆ ಮಾರ್ಗದರ್ಶಕರೊಂದಿಗೆ ಮಾತ್ರ ಬಿಡುತ್ತಾರಾದ್ದರಿಂದ, ತಲುಪಿದ ಕೂಡಲೇ ಆ ದಿನದ ವೇಳೆಯನ್ನು ವಿಚಾರಿಸಿಕೊಳ್ಳುವಂತೆ ಮಗನಿಗೆ ಹೇಳಿ.

ಊರಿನ ಮನೆಗಳ ವಿಷಯದಲ್ಲಿ ಒಂದು ವಿಚಿತ್ರವಿದೆ. ಅಷ್ಟು ದೂರದಿಂದ ಸಾಮಾನು ಸಾಗಿಸುವ ಖರ್ಚಿಗೆ ಹೆದರಿ ಜನ ಮಂಚ, ಮೇಜು, ಅಂಗಡಿಯ ಡಬ್ಬಿಗಳನ್ನು ಇದ್ದಲ್ಲಿಯೇ ಬಿಟ್ಟು ಹೋದರು. 1962ರಲ್ಲಿ ಊರನ್ನು ರಾಜ್ಯ ಉದ್ಯಾನವನ್ನಾಗಿ ಮಾಡಿದಾಗ ಆಡಳಿತವು ಅವನ್ನು ಹೊಸದಾಗಿಸಲೂ ಇಲ್ಲ, ಕುಸಿಯಲು ಬಿಡಲೂ ಇಲ್ಲ. ಬೀಳುವ ಗೋಡೆಗೆ ಆಸರೆ ಕೊಟ್ಟು, ಸೋರುವ ಸೂರನ್ನು ಮುಚ್ಚಿ, ದೂಳನ್ನು ಹಾಗೆಯೇ ಉಳಿಸಿಕೊಂಡಿದೆ. ನೂರರಷ್ಟು ಕಟ್ಟಡಗಳು ಈ ಸ್ಥಿತಿಯಲ್ಲಿ ನಿಂತಿವೆ. ಹಟ್ಟಿ ಕ್ಯಾಂಪಿನ ಬೀದಿಗಳಲ್ಲಿ ಪಾಳಿ ಮುಗಿಸಿ ಬರುವವರನ್ನು ದಿನವೂ ಕಂಡ ನೀವು ಅಲ್ಲಿನ ಕಿಟಕಿಗಳಲ್ಲಿ ಇಣುಕಿದಾಗ ಏನನ್ನಿಸುತ್ತದೆಂಬುದನ್ನು ನಮಗೂ ಬರೆದು ತಿಳಿಸಿ.

ಇನ್ನು ಎತ್ತರದ ಮಾತು. ಬೋಡಿ 2,554 ಮೀಟರ್ ಎತ್ತರದಲ್ಲಿದೆ, ಅಂದರೆ ನಮ್ಮ ಮುಳ್ಳಯ್ಯನಗಿರಿಗಿಂತ 600 ಮೀಟರಿಗೂ ಹೆಚ್ಚು. ಸ್ಯಾನ್ ಹೋಸೆಯಿಂದ ಯೊಸೆಮಿಟಿಯ ಮೂಲಕ ಹೋದರೆ ದಾಟಬೇಕಾದ ಟಿಯೋಗಾ ಕಣಿವೆದಾರಿ 3,031 ಮೀಟರ್, ಬೋಡಿಗಿಂತಲೂ ಎತ್ತರ. ನಿಮ್ಮ ಶ್ರೀಮತಿಯವರು ಹೊರಡುವ ಮುನ್ನ ತಮ್ಮ ವೈದ್ಯರನ್ನು ಕಂಡು, ಮಾತ್ರೆಗಳ ವಿಷಯವನ್ನೂ ಕೇಳಿಕೊಳ್ಳಲೇಬೇಕು. ಒಂದೇ ದಿನದಲ್ಲಿ ಸಮುದ್ರಮಟ್ಟದಿಂದ ಏರಿ ಇಳಿಯುವುದಕ್ಕಿಂತ, ಸುಮಾರು 2,000 ಮೀಟರ್ ಎತ್ತರದ ಬ್ರಿಡ್ಜ್‌ಪೋರ್ಟ್ ಊರಿನಲ್ಲಿ ಒಂದು ರಾತ್ರಿ ತಂಗಿ ಮರುದಿನ ಹೋಗುವುದು ಮೇಲು. ಹೆದ್ದಾರಿಯಿಂದ ಒಳಗೆ 21 ಕಿಲೋಮೀಟರ್. ಅದರಲ್ಲಿ ಕೊನೆಯ ಐದು ಕಿಲೋಮೀಟರ್ ಕಚ್ಚಾ ರಸ್ತೆ. ಬೋಡಿಯಲ್ಲಿ ಹೋಟೆಲಾಗಲಿ ಪೆಟ್ರೋಲ್ ಬಂಕ್ ಆಗಲಿ ಇಲ್ಲ, ಆದ್ದರಿಂದ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಜೊತೆಗಿರಲಿ. ನೆರಳು ಇಲ್ಲದ ಬಯಲಾದ್ದರಿಂದ ಟೋಪಿ ಬೇಕು. ಆಗಸ್ಟ್ ಎಂದು ನಂಬಿ ಸ್ವೆಟರನ್ನು ಮನೆಯಲ್ಲಿ ಬಿಡಬೇಡಿ.

ಕಲ್ಲನ್ನು ಮಾತ್ರ ತರಬೇಡಿ. ಅಲ್ಲಿಂದ ಒಂದು ಮೊಳೆಯನ್ನು ಎತ್ತಿಕೊಳ್ಳುವುದೂ ಕಾನೂನಿಗೆ ವಿರುದ್ಧ. ಕದ್ದು ಒಯ್ದವರಿಗೆ ಕೆಡುಕಾಗುತ್ತದೆಂಬ ನಂಬಿಕೆಯೂ ಹಬ್ಬಿದ್ದು, ಎಷ್ಟೋ ಜನ ತಪ್ಪೊಪ್ಪಿಗೆಯ ಪತ್ರದೊಂದಿಗೆ ಒಯ್ದ ವಸ್ತುಗಳನ್ನು ಅಂಚೆಯಲ್ಲಿ ಹಿಂದಿರುಗಿಸಿದ್ದಾರೆ. ಹೇಗಿದ್ದರೂ ಹಟ್ಟಿಯವರಿಗೆ ಬೆಣಚುಕಲ್ಲಿನ ಬರ ಬಂದಿರಲಾರದು.