ರೊಟ್ಟಿ ಗಂಟು ಆಮೇಲೆ, ಮೊದಲು ದಿನ ಎಣಿಸಿ

ಸಂಪಾದಕರ ಉತ್ತರ

ಕಾರಟಗಿಯ ಓದುಗರೊಬ್ಬರು ಬರೆದಿದ್ದಾರೆ: "ಭತ್ತದ ಕಟಾವು ಮುಗಿದ ಮೇಲೆ, ಜನವರಿಯಲ್ಲಿ ನಮ್ಮ ಓಣಿಯ ಐದು ಮನೆಯವರು ಅಂಡಮಾನಿಗೆ ಹೊರಟಿದ್ದೇವೆ. ಒಟ್ಟು 16 ಜನ, ಆರು ದಿನ. ಐದನೇ ರಾತ್ರಿ ಹ್ಯಾವ್‌ಲಾಕ್ ದ್ವೀಪದಲ್ಲಿ ಉಳಿದು, ಮರುದಿನ ಬೆಳಿಗ್ಗೆ ಬೋಟಿನಲ್ಲಿ ಪೋರ್ಟ್ ಬ್ಲೇರ್‌ಗೆ ಬಂದು ಮಧ್ಯಾಹ್ನದ ವಿಮಾನ ಹಿಡಿಯುವ ಲೆಕ್ಕ. ಅತ್ತೆಗೆ 74 ವರ್ಷ, ಶುಗರ್ ಇದೆ. ಸಮುದ್ರ ನೋಡಲೇಬೇಕು ಅಂತ ಹಟ ಹಿಡಿದಿದ್ದಾರೆ. ಆನೆಗೊಂದಿಯಲ್ಲಿ ತೆಪ್ಪ ಹತ್ತಿದವರಿಗೆ ಹಡಗೇನು ಲೆಕ್ಕ ಅಂತಾರೆ ನಮ್ಮ ಮನೆಯವರು. ಏನೇನು ಒಯ್ಯಬೇಕು, ಒಂದು ಪಟ್ಟಿ ಕೊಡಿ."

ಅಕ್ಕಾವರೆ, ಪಟ್ಟಿ ಇರಲಿ. ನಿಮ್ಮ ಪತ್ರದಲ್ಲಿ ನನಗೆ ಹೆದರಿಕೆ ಆಗಿದ್ದು ಆ ಐದನೇ ರಾತ್ರಿ ನೋಡಿ. ಅದನ್ನು ಇವತ್ತೇ ಬದಲಿಸಿ.

ನಮ್ಮ ಕಚೇರಿಯ ಒಂಬತ್ತು ಜನ ಹೋದಾಗ ಇದೇ ತಪ್ಪು ಮಾಡಿದ್ದೆವು. ಬೆಳಿಗ್ಗೆ ಬೋಟ್ ಹತ್ತುವ ಜೆಟ್ಟಿಗೆ ಹೋದರೆ ಗೇಟಿಗೆ ಒಂದು ಹಾಳೆ ಅಂಟಿಸಿತ್ತು. ಸಮುದ್ರ ಸರಿಯಿಲ್ಲ, ಇವತ್ತು ಬೋಟಿಲ್ಲ. ತಲೆ ಎತ್ತಿ ನೋಡಿದರೆ ಆಕಾಶ ತೊಳೆದಿಟ್ಟ ಹಾಗಿತ್ತು! ಮೋಡ ಇಲ್ಲದಿದ್ದರೂ ಗಾಳಿಗೆ ಅಲೆ ಏಳುತ್ತದೆ ಅಂತ ನಮಗೇನು ಗೊತ್ತು, ನಾವು ಬಯಲುಸೀಮೆಯವರು. ಬೋಟಿನ ದುಡ್ಡು ವಾಪಸ್ ಬಂತು, ವಿಮಾನದ್ದು ಬರಲಿಲ್ಲ. ಹಾಗಾಗಿ ಮೊದಲು ಹ್ಯಾವ್‌ಲಾಕ್, ನೀಲ್ ದ್ವೀಪಗಳನ್ನು ಮುಗಿಸಿಬಿಡಿ. ಕೊನೆಯ ಒಂದು ಪೂರ್ತಿ ದಿನ ಮತ್ತು ರಾತ್ರಿ ವಿಮಾನ ಹತ್ತುವ ಪೋರ್ಟ್ ಬ್ಲೇರ್‌ನಲ್ಲೇ ಇರಲಿ. ಸೆಲ್ಯುಲಾರ್ ಜೈಲನ್ನು ಆ ದಿನಕ್ಕೆ ಇಟ್ಟುಕೊಳ್ಳಿ.

ಅಂದಹಾಗೆ ಹೆಸರು ಬದಲಾಗಿವೆ. ಹ್ಯಾವ್‌ಲಾಕ್ 2018ರಿಂದ ಸ್ವರಾಜ್ ದ್ವೀಪ, ನೀಲ್ ಈಗ ಶಹೀದ್ ದ್ವೀಪ. ಪೋರ್ಟ್ ಬ್ಲೇರ್‌ಗೆ 2024ರಲ್ಲಿ ಶ್ರೀ ವಿಜಯಪುರಂ ಅಂತ ಹೆಸರಿಟ್ಟರು. ಟಿಕೆಟಿನಲ್ಲಿ ಹೊಸ ಹೆಸರು ಕಂಡು ಗಾಬರಿಯಾಗಬೇಡಿ.

ಗಡಿಯಾರದ್ದೂ ಒಂದು ಮಾತಿದೆ. ಅಲ್ಲಿನ ಗಡಿಯಾರ ನಮ್ಮದೇ, ಸೂರ್ಯ ಮಾತ್ರ ಒಂದು ತಾಸು ಮುಂದೆ. ನಮ್ಮಲ್ಲಿ ಜನವರಿಯಲ್ಲಿ ಆರು ದಾಟಿದ ಮೇಲೆ ಹೊತ್ತು ಮುಳುಗಿದರೆ, ಅಲ್ಲಿ ಐದೂಕಾಲಿಗೇ ಮುಳುಗುತ್ತದೆ. ಮಧ್ಯಾಹ್ನ ಉಂಡು, ಒಂದು ನಿದ್ದೆ ತೆಗೆದು, ನಾಲ್ಕೂವರೆಗೆ ಚಹಾ ಕುಡಿದು ಬೀಚಿಗೆ ಹೊರಟರೆ ಕತ್ತಲೆ ನೋಡಿ ಬರಬೇಕು. ಬೆಳಿಗ್ಗೆ ಬೇಗ ಏಳೋದು ನಿಮಗೇನೂ ಹೊಸದಲ್ಲ ಬಿಡಿ.

ಟಿಕೆಟ್ ಮಾಡಿಸುವಾಗ 16 ಆಧಾರ್ ಕಾರ್ಡುಗಳನ್ನೂ ಮುಂದಿಟ್ಟುಕೊಂಡು ಕೂಡಿ. ಮನೆಯಲ್ಲಿ ಶರಣವ್ವ, ಕಾರ್ಡಿನಲ್ಲಿ ಶರಣಮ್ಮ, ಏಜೆಂಟ್ ಬರೆಯೋದು ಇನ್ನೇನೋ. ಕಾರ್ಡಿನಲ್ಲಿ ಇದ್ದ ಅಕ್ಷರವೇ ಟಿಕೆಟಿನಲ್ಲೂ ಇರಬೇಕು. ಬೆಂಗಳೂರಿಗೆ ರಾತ್ರಿ ರೈಲಿನಲ್ಲಿ ಹೋಗಿ ಅದೇ ಮುಂಜಾನೆಯ ವಿಮಾನ ಹಿಡಿಯುವ ಧೈರ್ಯ ಬೇಡ. ರೈಲು ತಡವಾದರೆ ವಿಮಾನ ನಿಲ್ಲುವುದಿಲ್ಲ.

ನಿಮ್ಮ ಯಜಮಾನರಿಗೆ ಹೇಳಿ: ತೆಪ್ಪ ತಿರುಗುತ್ತದೆ, ಹಡಗು ಏರಿಳಿಯುತ್ತದೆ. ಎರಡೂ ಬೇರೆ. ಹ್ಯಾವ್‌ಲಾಕಿಗೆ ಖಾಸಗಿ ಬೋಟಿನಲ್ಲಿ ಒಂದೂವರೆಯಿಂದ ಎರಡು ತಾಸು. ನಮ್ಮಲ್ಲಿ ಇದೇ ಮಾತು ಆಡಿದವನು ಅರ್ಧ ದಾರಿ ಕವರಿನೊಳಗೆ ಮುಖ ಇಟ್ಟುಕೊಂಡು ಕೂತಿದ್ದ. ವಾಂತಿ ಮಾತ್ರೆಯನ್ನು ಡಾಕ್ಟರನ್ನು ಕೇಳಿ ತಂದುಕೊಳ್ಳಿ. ಬೋಟ್ ಹತ್ತುವ ಅರ್ಧ-ಮುಕ್ಕಾಲು ತಾಸು ಮೊದಲು ನುಂಗಬೇಕು. ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿದರೆ ಮಾತ್ರೆಯೂ ಹೊರಗೆ ಬರುತ್ತದೆ. ಖಾಲಿ ಹೊಟ್ಟೆಯೂ ಬೇಡ, ಪೂರಿ-ಭಾಜಿಯೂ ಬೇಡ. ನಡುವಿನ ಸೀಟು ಹಿಡಿದು ದೂರದ ನೀರಿನ ಅಂಚು ನೋಡುತ್ತಾ ಕೂತರೆ ಒಳ್ಳೆಯದು. ಮೊಬೈಲ್ ನೋಡಬಾರದು.

ಇನ್ನು ರೊಟ್ಟಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಖಂಡಿತ ಒಯ್ಯಿರಿ. ಸಸ್ಯಾಹಾರ ಅಲ್ಲಿ ಸಿಗುತ್ತದೆ, ಆದರೆ ಮೂರನೇ ದಿನಕ್ಕೆ ನಾಲಿಗೆ ಊರು ಕೇಳುತ್ತದೆ. ನಾವು 60 ರೊಟ್ಟಿಯನ್ನು ಒಂದೇ ಬಟ್ಟೆಯಲ್ಲಿ ಗಂಟು ಕಟ್ಟಿದ್ದೆವು. ಎರಡನೇ ದಿನ ಬಿಚ್ಚಿದರೆ, ಮುರಿದಾಗ ಟಕ್ ಅನ್ನಬೇಕಾದ ರೊಟ್ಟಿ ಹಪ್ಪಳದ ಹಸಿ ಹಿಟ್ಟಿನ ಹಾಗೆ ಬಾಗಿತು. ಸಮುದ್ರದ ಗಾಳಿಯ ತೇವ ಅದು. ಹತ್ತತ್ತು ರೊಟ್ಟಿಯನ್ನು ಗಾಳಿ ಆಡದ ಕವರಿನಲ್ಲಿ ಕಟ್ಟಿ, ಬೇಕಾದಾಗ ಒಂದೊಂದೇ ಬಿಚ್ಚಿ. ಉಪ್ಪಿನಕಾಯಿ ದೊಡ್ಡ ಬ್ಯಾಗಿಗೆ ಹೋಗಲಿ. ಒಣ ಕೊಬ್ಬರಿ ಬಟ್ಟಲು ಮನೆಯಲ್ಲೇ ಇರಲಿ, ಬೆಂಕಿ ಹತ್ತುವ ವಸ್ತು ಅಂತ ತೆಗೆಸುತ್ತಾರೆ. ಪವರ್ ಬ್ಯಾಂಕ್ ಮಾತ್ರ ಕೈಚೀಲದಲ್ಲೇ ಇರಬೇಕು.

ನೀರಿಗೆ ಇಳಿಯುವವರು ಸೀರೆ ಉಟ್ಟು ಇಳಿಯಬೇಡಿ, ಒದ್ದೆ ಸೀರೆ ಕಾಲಿಗೆ ಸುತ್ತಿಕೊಳ್ಳುತ್ತದೆ. ಒಂದು ಹಳೆಯ ಚೂಡಿದಾರ ಸಾಕು. ತುಂಗಭದ್ರೆಯಲ್ಲಿ ಈಜಿದವರಿಗೆ ನಾನು ಒಂದೇ ಮಾತು ಹೇಳೋದು: ಅಲ್ಲಿನ ಮೊಸಳೆ ಉಪ್ಪುನೀರಿನದು, ನಮ್ಮ ಹೊಳೆಯ ಮೊಸಳೆಗಿಂತ ದೊಡ್ಡದು, ಕಡಲಲ್ಲೂ ಈಜುತ್ತದೆ. ಬೋರ್ಡ್ ಹಾಕಿದ ಕಡೆ ಮೊಣಕಾಲು ನೀರಿಗೂ ಹೋಗಬಾರದು. ಹುಡುಗರು ಸ್ಕೂಬಾ (ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನೊಳಗೆ ಇಳಿಯೋದು) ಮಾಡಿದರೆ, ಆಮೇಲೆ ಕನಿಷ್ಠ 18 ತಾಸು ವಿಮಾನ ಹತ್ತಬಾರದು. ಕೊನೆಯ ದಿನ ಪೋರ್ಟ್ ಬ್ಲೇರ್‌ನಲ್ಲೇ ಇರಿ ಅಂದಿದ್ದಕ್ಕೆ ಇದೂ ಒಂದು ಕಾರಣ. ಹವಳದ ಚೂರು, ಶಂಖ ಆರಿಸಿ ತರಬೇಡಿ. ಅದು ಅಪರಾಧ, ವಿಮಾನ ನಿಲ್ದಾಣದಲ್ಲಿ ಬ್ಯಾಗ್ ಬಿಚ್ಚಿಸುತ್ತಾರೆ.

ನೆಟ್‌ವರ್ಕ್ ಹೋದರೆ ಫೋನ್‌ಪೇ ನಡೆಯುವುದಿಲ್ಲ, ನಗದು ಇಟ್ಟುಕೊಳ್ಳಿ. ಖರ್ಚಿನ ವಹಿ ಒಬ್ಬರ ಕೈಯಲ್ಲೇ ಇರಲಿ. ಅದು ಗಂಡಸರ ಕೈಗೆ ಹೋಗದಿದ್ದರೆ ಒಳ್ಳೆಯದು ಅನ್ನೋದು ನನ್ನ ಸ್ವಂತ ಅಭಿಪ್ರಾಯ. ಭಾಷೆಯ ಚಿಂತೆ ಬೇಡ. ಹಿಂದಿ ಎಲ್ಲೆಡೆ ನಡೆಯುತ್ತದೆ, ತೆಲುಗು ಮಾತಾಡುವವರೂ ಬೇಕಾದಷ್ಟು ಇದ್ದಾರೆ.

ಅತ್ತೆಯವರನ್ನು ಬಿಟ್ಟು ಹೋಗಬೇಡಿ. ಹೊರಡುವ ಮೊದಲು ಅವರ ಡಾಕ್ಟರಿಗೆ ಒಮ್ಮೆ ತೋರಿಸಿ. ಇನ್ಸುಲಿನ್, ಮಾತ್ರೆ, ಚೀಟಿ ಎಲ್ಲ ಕೈಚೀಲದಲ್ಲಿ ಇರಲಿ. ಒಂದೆರಡು ದಿನಕ್ಕೆ ಜಾಸ್ತಿಯೇ ಇರಲಿ. ಬಾರಾಟಾಂಗ್ ಗುಹೆಯ ಪ್ರಯಾಣ ಅವರಿಗೆ ಬೇಡ, ಕತ್ತಲಿದ್ದಾಗಲೇ ಹೊರಡಬೇಕು. ಶುಗರ್ ಇದ್ದವರು ಮರಳಿನಲ್ಲಿ ಬರಿಗಾಲಲ್ಲಿ ನಡೆಯಬಾರದು, ಹವಳದ ಚೂರು ಕೊಯ್ದರೂ ಗೊತ್ತಾಗುವುದಿಲ್ಲ. ಹಿಂದೆ ಪಟ್ಟಿ ಇರುವ ರಬ್ಬರ್ ಚಪ್ಪಲಿ ಕೊಡಿಸಿ. ಜೆಟ್ಟಿಯಿಂದ ಬೋಟಿಗೆ ಕಾಲಿಡುವ ಆ ಒಂದು ಹೆಜ್ಜೆಯೇ ಕಷ್ಟ, ಬೋಟ್ ಅಲುಗಾಡುತ್ತಿರುತ್ತದೆ. ಒಬ್ಬರು ಮೊದಲು ಹತ್ತಿ ಕೈ ಕೊಡಲಿ, ಒಬ್ಬರು ಹಿಂದೆ ನಿಲ್ಲಲಿ. ಅವರ ಕೈಯಲ್ಲಿರುವ ಚೀಲ ಮಾತ್ರ ಮೊದಲೇ ಇಸ್ಕೊಂಡುಬಿಡಿ. ಅವರಾಗಿ ಕೊಡೋದಿಲ್ಲ.