ಊರೂರು ಸುತ್ತಿ ಮಣ್ಣು ನೋಡಿದ ನನ್ನ ಮಾವ

ಪ್ರಶ್ನೆ: ನಾನು ಸಿವಿಲ್ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇನೆ. ದೇಶ ವಿದೇಶ ಸುತ್ತುವ ಕನ್ಸಲ್ಟೆಂಟ್‌ಗಳ ಬದುಕು ನಿಜಕ್ಕೂ ಹೇಗಿರುತ್ತದೆ? ಹತ್ತಿರದಿಂದ ಕಂಡವರು ಹೇಳಿ.

ನನ್ನ ಸೋದರಮಾವ ಇದೇ ಕೆಲಸ ಮಾಡಿದವರು. ಹೋದ ಮಳೆಗಾಲದಲ್ಲಿ ತೀರಿಕೊಂಡರು. ಮನೆ ಉಡುಪಿಯಲ್ಲಿ. ದುಡಿದದ್ದು ಹೆಚ್ಚಾಗಿ ಕೊಲ್ಲಿ ದೇಶಗಳಲ್ಲಿ, ಆಮೇಲೆ ಮಂಗಳೂರಿನಲ್ಲಿ. ಅವರು ಮಣ್ಣಿನ ಕನ್ಸಲ್ಟೆಂಟ್. ಕಟ್ಟಡ ಕಟ್ಟುವವರಲ್ಲ, ಪ್ಲಾನ್ ಬರೆಯುವವರೂ ಅಲ್ಲ. ಕಟ್ಟುವ ಮೊದಲೇ ಬಂದು, ಈ ನೆಲ ಎಷ್ಟು ಭಾರ ತಡೆದೀತು, ಫೌಂಡೇಶನ್ ಎಷ್ಟು ಆಳಕ್ಕೆ ಹೋಗಬೇಕು, ಪೈಲ್ (ನೆಲದಾಳಕ್ಕೆ ಇಳಿಸುವ ಕಂಬ) ಬೇಕಾ ಬೇಡವಾ ಎಂದು ಬರೆದುಕೊಟ್ಟು ಹೋಗುವವರು. ಎಲ್ಲ ಸರಿ ಇದ್ದರೆ ಅವರ ಹೆಸರು ಯಾರಿಗೂ ನೆನಪಿರುವುದಿಲ್ಲ. ಗೋಡೆ ಬಿರುಕು ಬಿಟ್ಟ ದಿನ ಎಲ್ಲರಿಗೂ ಅವರ ನಂಬರ್ ಬೇಕು.

ಓದಿದ್ದು ಸುರತ್ಕಲ್‌ನ ಕೆ.ಆರ್.ಇ.ಸಿ.ಯಲ್ಲಿ, ಅಂದರೆ ಈಗಿನ ಎನ್.ಐ.ಟಿ.ಕೆ. 1960ರಲ್ಲಿ ಶುರುವಾದ ಕಾಲೇಜು, ಅವರು ಸೇರುವಾಗ ಇನ್ನೂ ಹೊಸತು. ಹತ್ತಿರದ ಪಣಂಬೂರಿನಲ್ಲಿ ಆಗ ನವಮಂಗಳೂರು ಬಂದರಿನ ಕೆಲಸ ನಡೆಯುತ್ತಿತ್ತು. ದಡದ ನೆಲವನ್ನೇ ತೋಡಿ ಸಮುದ್ರವನ್ನು ಒಳಗೆ ಕರೆದುಕೊಂಡ ಬಂದರು ಅದು. 1974ರಲ್ಲಿ ದೇಶದ ಒಂಬತ್ತನೇ ದೊಡ್ಡ ಬಂದರು ಎಂದು ಘೋಷಣೆಯಾಯಿತು. ಮರುವರ್ಷ ಜನವರಿಯಲ್ಲಿ ಇಂದಿರಾ ಗಾಂಧಿ ಬಂದು ಉದ್ಘಾಟನೆ ಮಾಡಿದರು. ಮಾವ ಗೆಳೆಯರ ಜೊತೆ ಭಾನುವಾರ ಡ್ರೆಜರ್ (ತಳದ ಕೆಸರು ಎತ್ತುವ ಯಂತ್ರದ ಹಡಗು) ನೋಡಲು ಹೋಗುತ್ತಿದ್ದರಂತೆ. ಉಳಿದವರು ಯಂತ್ರ ನೋಡಿದರೆ ಇವರು ಮೇಲೆ ಬರುವ ಕೆಸರು ನೋಡುತ್ತ ನಿಲ್ಲುತ್ತಿದ್ದರಂತೆ. ಇದು ಅತ್ತೆ ಹೇಳಿದ್ದು, ಸ್ವಲ್ಪ ಮಸಾಲೆ ಇದ್ದರೂ ಇರಬಹುದು.

ಎಪ್ಪತ್ತರ ದಶಕದ ಕೊನೆಗೆ ಕೊಲ್ಲಿಗೆ ಹೋದರು. ಮರುಭೂಮಿ ಅಂದರೆ ಒಣ ನೆಲ ಎಂದು ನಾವು ಅಂದುಕೊಳ್ಳುತ್ತೇವೆ. ಕಡಲ ಬದಿಯಲ್ಲಿ ಹಾಗಿಲ್ಲ. ಅಲ್ಲಿ ಸಬ್ಖಾ ಎನ್ನುವ ಉಪ್ಪಿನ ಬಯಲುಗಳಿವೆ. ಮೇಲೆ ಉಪ್ಪಿನ ಹೆಪ್ಪು, ಸ್ವಲ್ಪ ಅಗೆದರೆ ನೀರು, ಅದೂ ಸಮುದ್ರಕ್ಕಿಂತ ಜಾಸ್ತಿ ಉಪ್ಪು. ಅದರಲ್ಲಿರುವ ಕ್ಲೋರೈಡ್ ಒಳಗಿನ ಕಬ್ಬಿಣವನ್ನು ತಿನ್ನುತ್ತದೆ, ಸಲ್ಫೇಟ್ ಕಾಂಕ್ರೀಟನ್ನೇ ತಿನ್ನುತ್ತದೆ. ತುಕ್ಕು ಹಿಡಿದ ಸರಳು ಉಬ್ಬಿ ಒಳಗಿನಿಂದಲೇ ಕಾಂಕ್ರೀಟನ್ನು ಒಡೆಯುತ್ತದೆ. ಅಲ್ಲಿ ಮೊದಮೊದಲು ಕಟ್ಟಿದ ಎಷ್ಟೋ ಕಟ್ಟಡಗಳು ಹತ್ತು ಹದಿನೈದು ವರ್ಷಕ್ಕೇ ಹೀಗೆ ಹಾಳಾದವು. ಮಲ್ಪೆ, ಉಳ್ಳಾಲದ ಕಡೆ ಹಳೆ ಟೆರೇಸ್ ಮನೆಗಳಲ್ಲಿ ಸ್ಲ್ಯಾಬಿನ ಅಡಿ ಸಿಮೆಂಟ್ ಉದುರಿ ಸರಳು ಕಾಣುವುದನ್ನು ನೋಡಿದ್ದೀರಿ ಅಲ್ವಾ, ಅದೇ ಕಥೆ. ಸೆಕೆ ಬೇರೆ. ಬೇಸಿಗೆಯಲ್ಲಿ ಕಾಂಕ್ರೀಟ್ ಹಾಕುವುದು ರಾತ್ರಿ, ಕಲಸುವ ನೀರಿಗೆ ಐಸ್ ಸುರಿದು. ಲಾರಿ ಬಂದ ಕೂಡಲೇ ಥರ್ಮಾಮೀಟರ್ ಚುಚ್ಚಿ ನೋಡುತ್ತಿದ್ದರಂತೆ. 32 ಡಿಗ್ರಿ ದಾಟಿದ್ದರೆ ಲಾರಿ ವಾಪಸ್.

ಊರಿಗೆ ಬರುವುದು ಈಗಿನಷ್ಟು ಸಲೀಸಲ್ಲ. ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಿಂದ ದುಬೈಗೆ ನೇರ ವಿಮಾನ ಶುರುವಾದದ್ದೇ 2006ರಲ್ಲಿ. ಕೊಂಕಣ ರೈಲು ಪೂರ್ತಿಯಾದದ್ದು 1998ರಲ್ಲಿ. ಅದಕ್ಕೂ ಮೊದಲು ಬೊಂಬಾಯಿಯಲ್ಲಿ ಇಳಿದು, ಅಲ್ಲಿಂದ ಬಸ್ಸಿನಲ್ಲಿ ಘಟ್ಟ, ಹೊಳೆ ಎಲ್ಲ ದಾಟಿ ಬರಬೇಕು. “ನಮ್ಮವರು ಬರುವುದು ಪರ್ಯಾಯದ ಹಾಗೆ, ಎರಡು ವರ್ಷಕ್ಕೊಮ್ಮೆ” ಎಂದು ಅತ್ತೆ ಹೇಳುತ್ತಿದ್ದರು. ಕೇಳಿದವರೆಲ್ಲ ನಗುತ್ತಿದ್ದರು. ಅತ್ತೆ ನಗುತ್ತಿರಲಿಲ್ಲ. ಮಕ್ಕಳ ಜ್ವರ, ಪರೀಕ್ಷೆ, ಅಜ್ಜನ ಆಸ್ಪತ್ರೆ ಎಲ್ಲ ಅವರೊಬ್ಬರ ತಲೆ ಮೇಲೆ. ವಿದೇಶದ ಕನ್ಸಲ್ಟೆಂಟ್ ಬದುಕಿನ ಬಗ್ಗೆ ಕೇಳಿದ್ದೀರಲ್ಲ, ಅರ್ಧ ಉತ್ತರ ಇಲ್ಲೇ ಇದೆ.

ನನಗೆ ಅವರ ಕೆಲಸ ಸರಿಯಾಗಿ ಅರ್ಥವಾದದ್ದು ಅವರು ವಾಪಸ್ ಬಂದ ಮೇಲೆ. ಮಂಗಳೂರಿನ ಸೈಟುಗಳಿಗೆ ನಾನು ಕಾರು ಓಡಿಸುತ್ತಿದ್ದೆ. ನಮ್ಮ ಊರಿನ ಗುಡ್ಡ ಮೇಲಿಂದ ಗಟ್ಟಿ ಮುರಕಲ್ಲು (ಲ್ಯಾಟರೈಟ್). ಅದರ ಅಡಿಯಲ್ಲಿ ಬಿಳಿ, ಹಳದಿ, ನಸುಗೆಂಪಿನ ಶೇಡಿ ಮಣ್ಣು. ಒಣಗಿದ್ದಾಗ ಅದನ್ನು ಗೋಡೆಯ ಹಾಗೆ ನೇರ ಕಡಿದರೂ ನಿಲ್ಲುತ್ತದೆ. ಏಪ್ರಿಲ್‌ನಲ್ಲಿ ಕಡಿದವರಿಗೆ ಧೈರ್ಯ ಬರುವುದೇ ಇದರಿಂದ. ಒಮ್ಮೆ ಒಬ್ಬ ಬಿಲ್ಡರ್ ಹೀಗೆ ಕಡಿದ ಗುಡ್ಡ ತೋರಿಸಿ, “ನೋಡಿ ಸರ್, ಕಲ್ಲಿನ ಹಾಗೆ ಉಂಟು” ಎಂದರು. ಮಾವ ಮಾತಾಡಲಿಲ್ಲ. ಲಿಂಬೆಹಣ್ಣಿನ ಗಾತ್ರದ ಒಂದು ಹೆಂಟೆ ಕಿತ್ತು, ವಾಚ್‌ಮ್ಯಾನ್ ಹತ್ತಿರ ಒಂದು ಗ್ಲಾಸ್ ನೀರು ಕೇಳಿ ಅದರೊಳಗೆ ಬಿಟ್ಟರು. ಮೊದಲು ಸಣ್ಣ ಗುಳ್ಳೆ ಬಂತು. ಆಮೇಲೆ ಅಂಚು ಉದುರಿತು. ಚಾ ಕುಡಿದು ಮುಗಿಸುವುದರೊಳಗೆ ಹೆಂಟೆ ಇರಲಿಲ್ಲ, ಗ್ಲಾಸಿನ ತಳದಲ್ಲಿ ಬರೀ ಗಸಿ. “ಜೂನ್‌ನಲ್ಲಿ ನಿಮ್ಮ ಗುಡ್ಡ ಇದು ಮಾರಾಯ್ರೇ” ಎಂದರು. ಮೇಲೆ ಬಿದ್ದ ನೀರು ಹೋಗಲು ಮೊದಲು ಚರಂಡಿ ಮಾಡಿ, ಇಳಿಜಾರು ಮೆಟ್ಟಿಲು ಮೆಟ್ಟಿಲಾಗಿ ಕಡಿಯಿರಿ, ತಡೆಗೋಡೆಯಲ್ಲಿ ನೀರು ಸೋರಲು ತೂತು ಬಿಡಿ ಎಂದು ರಿಪೋರ್ಟ್ ಬರೆದರು. ಹಾಗೆ ಕಡಿದರೆ ಪಾರ್ಕಿಂಗ್ ಜಾಗ ಕಡಿಮೆಯಾಗುತ್ತದೆ. ರಿಪೋರ್ಟ್ ಸ್ವಲ್ಪ ಬದಲಾಯಿಸಿ ಎಂದು ಬಿಲ್ಡರ್ ಕೇಳಿದರು. ಮಾವ ಚೆಕ್ ವಾಪಸ್ ಕೊಟ್ಟರು. ಬೇರೆ ಯಾರೋ ಬರೆದುಕೊಟ್ಟರು. ಆ ಕಟ್ಟಡ ಇವತ್ತಿಗೂ ನಿಂತಿದೆ, ಅದನ್ನೂ ಹೇಳಬೇಕು. ಕೇಳಿದರೆ ಮಾವ, “ಮಳೆಗಾಲ ಇನ್ನೂ ಬರ್ಲಿಕ್ಕುಂಟಲ್ಲ” ಎನ್ನುತ್ತಿದ್ದರು.

ಕೊಂಕಣ ರೈಲಿನ ಮಾತು ಬಂದರೂ ಅಷ್ಟೇ. ಎಲ್ಲರೂ ಬಂಡೆ ಕೊರೆದ ಆರೂವರೆ ಕಿಲೋಮೀಟರಿನ ಕರ್ಬುಡೆ ಸುರಂಗದ ಬಗ್ಗೆ ಹೇಳಿದರೆ, ಇವರು ಗೋವಾದ ಪೆರ್ನೆಮ್ ಸುರಂಗದ ಬಗ್ಗೆ ಹೇಳುತ್ತಿದ್ದರು. ಅದು ಅದರ ಕಾಲು ಭಾಗವೂ ಇಲ್ಲ. ಆದರೆ ಮೆತ್ತನೆ ಮಣ್ಣು, ನೀರು. ಮತ್ತೆ ಮತ್ತೆ ಕುಸಿದು ಇಡೀ ಲೈನನ್ನೇ ಕಾಯಿಸಿತು.

ಇನ್ನೊಂದು ವಿಷಯ, ನಿಮಗೆ ಉಪಯೋಗಕ್ಕೆ ಬರುವಂಥದ್ದು. ಬೋರ್ ಹಾಕುವಾಗ, ಅಂದರೆ ಮಣ್ಣು ನೋಡಲು ನೆಲಕ್ಕೆ ತೂತು ಕೊರೆಯುವಾಗ, ಮಣ್ಣು ಎಷ್ಟು ಗಟ್ಟಿ ಎಂದು ತಿಳಿಯಲು ಮಾಡುವ ಎಸ್.ಪಿ.ಟಿ. (ಸ್ಟ್ಯಾಂಡರ್ಡ್ ಪೆನೆಟ್ರೇಶನ್ ಟೆಸ್ಟ್) ಪರೀಕ್ಷೆ ನೀವು ಓದಿರುತ್ತೀರಿ. 63.5 ಕೆ.ಜಿ. ಸುತ್ತಿಗೆಯನ್ನು 75 ಸೆಂ.ಮೀ. ಎತ್ತರದಿಂದ ಬಿಟ್ಟು ಒಂದು ಕೊಳವೆಯನ್ನು ಮಣ್ಣಿಗೆ ಇಳಿಸುವುದು, ಮೊದಲ 15 ಸೆಂ.ಮೀ. ಬಿಟ್ಟು ಮುಂದಿನ 30 ಸೆಂ.ಮೀ. ಇಳಿಯಲು ಎಷ್ಟು ಪೆಟ್ಟು ಬೇಕು ಎಂದು ಎಣಿಸುವುದು. ಪುಸ್ತಕದಲ್ಲಿ ಸುಲಭ. ಸೈಟಿನಲ್ಲಿ ಮಧ್ಯಾಹ್ನ ಊಟದ ಹೊತ್ತಿಗೆ ಹಗ್ಗ ಎಳೆಯುವವರ ಕೈ ಸೋತಿರುತ್ತದೆ. ಸುತ್ತಿಗೆ ಪೂರ್ತಿ ಮೇಲೆ ಹೋಗುವುದಿಲ್ಲ, ಪೆಟ್ಟು ಜಾಸ್ತಿ ಬೇಕಾಗುತ್ತದೆ, ಮಣ್ಣು ಇದ್ದದ್ದಕ್ಕಿಂತ ಗಟ್ಟಿ ಎಂದು ಪುಸ್ತಕಕ್ಕೆ ಏರುತ್ತದೆ. ಕೆಲವೊಮ್ಮೆ ಎಣಿಸದೆ ಸುಮ್ನೆ ಬರೆಯುವುದೂ ಉಂಟು. ಅದಕ್ಕೇ ಮಾವ ಎಪ್ಪತ್ತು ದಾಟಿದ ಮೇಲೂ ಕೊಡೆ ಹಿಡಿದು ಬೋರ್ ಪಕ್ಕ ನಿಂತು ತಾವೇ ಎಣಿಸುತ್ತಿದ್ದರು. ಯಾರಾದರೂ ನಡುವೆ ಮಾತಾಡಿಸಿದರೆ ಬೈಗುಳ ಗ್ಯಾರಂಟಿ. ಹಗ್ಗ ಎಳೆಯುವವರಿಗೆ ಚಾ, ಬನ್ಸ್ ಮಾತ್ರ ಅವರ ಲೆಕ್ಕದಲ್ಲೇ.

ದುಡ್ಡಿನ ಬಗ್ಗೆ ಕೇಳುವುದಾದರೆ, ಚೆನ್ನಾಗಿಯೇ ಬಂತು. ಪಿಂಚಣಿ ಇರಲಿಲ್ಲ, ಉಳಿಸಿದ್ದೇ ಉಳಿದದ್ದು. ಮಂಡಿ ಎರಡೂ ಹೋಗಿದ್ದವು. ನಿಮಗೆ ಈ ದಾರಿ ಬೇಕೆಂದಿದ್ದರೆ ಕೋರ್ಸ್ ಮುಗಿದ ಕೂಡಲೇ ಕೊಲ್ಲಿಗೆ ಅರ್ಜಿ ಹಾಕಬೇಡಿ. ಮಣ್ಣು ಪರೀಕ್ಷೆ ಮಾಡುವ ಒಂದು ಲ್ಯಾಬ್ ಸೇರಿ, ಆಫೀಸಿನ ಕುರ್ಚಿ ಬಿಟ್ಟು ಬೋರ್ ಹಾಕುವವರ ಜೊತೆ ಒಂದು ಮಳೆಗಾಲ ಪೂರ್ತಿ ಕಳೆಯಿರಿ. ಸಂಬಳ ಕಡಿಮೆ ಕೊಡುತ್ತಾರೆ, ಆದರೂ ಹೋಗಿ.